ಮಂಜಿನಲ್ಲಿ ‘ಬೇಡ’ ಎನ್ನಬೇಕಾದವರು ಯಾರು?

1997ರ ಡಿಸೆಂಬರ್ 16ರ ರಾತ್ರಿ. ಕೆನಡಾದ ಪೂರ್ವ ಭಾಗದ ಫ್ರೆಡರಿಕ್ಟನ್ ವಿಮಾನ ನಿಲ್ದಾಣದ ಮೇಲೆ ದಟ್ಟ ಮಂಜು ಕವಿದಿತ್ತು. ಟೊರಾಂಟೊದಿಂದ 42 ಜನರನ್ನು ಹೊತ್ತು ಬಂದ ಏರ್ ಕೆನಡಾದ 646ನೇ ವಿಮಾನ ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ ರನ್‌ವೇಯ ನೇರದಿಂದ ಸರಿಯಿತು. ಮತ್ತೆ ಮೇಲೇರುವಂತೆ ಕ್ಯಾಪ್ಟನ್ ಹೇಳಿದರು. ಅಷ್ಟು ಹೊತ್ತಿಗೆ ಎಂಜಿನ್ನಿನ ಶಕ್ತಿಯನ್ನು ಇಳಿಸಿಯಾಗಿತ್ತು, ವೇಗ ಕುಂದಿತ್ತು. ವಿಮಾನ ಏರಲಾರದೆ ಕುಸಿದು, ರನ್‌ವೇ ಪಕ್ಕದ ನೆಲದ ಮೇಲೆ ಜಾರುತ್ತ ಹೋಗಿ ಮರಕ್ಕೆ ಬಡಿದು ನಿಂತಿತು. ಹಲವರಿಗೆ ಗಂಭೀರ ಗಾಯಗಳಾದವು. ಯಾರೂ ಸಾಯಲಿಲ್ಲ.

ಕೆನಡಾದ ಸಾರಿಗೆ ಸುರಕ್ಷತಾ ಮಂಡಳಿ ನಡೆಸಿದ ತನಿಖೆಯಲ್ಲಿ ರೆಕ್ಕೆಯ ಅಂಚಿನಲ್ಲಿ ಕಟ್ಟಿದ್ದ ತೆಳು ಹಿಮವೂ ಸೇರಿ ಹಲವು ಕಾರಣಗಳು ಹೊರಬಂದವು. ಆದರೆ ಆ ವರದಿಯ ಒಂದು ಸಂಗತಿಗೆ ಇವತ್ತಿಗೂ ತೂಕವಿದೆ. ಆ ರಾತ್ರಿ ಮಂಜಿನೊಳಗೆ ಮೇಲ್ಮುಖವಾಗಿ ಕಾಣುತ್ತಿದ್ದದ್ದು 100 ಅಡಿ. ನೆಲದ ಮೇಲಿನ ಗೋಚರತೆ ಒಂದು ಮೈಲಿಯ ಎಂಟನೇ ಒಂದು ಭಾಗ, ಅಂದರೆ ಸುಮಾರು 200 ಮೀಟರ್. ಇಳಿಯಲು ಬೇಕೆಂದು ಪೈಲಟ್‌ಗಳ ಕೈಯಲ್ಲಿದ್ದ ನಕ್ಷೆ ಹೇಳುತ್ತಿದ್ದದ್ದು 200 ಅಡಿ ಎತ್ತರ ಮತ್ತು ಅರ್ಧ ಮೈಲಿ ಗೋಚರತೆ. ಎರಡೂ ಲೆಕ್ಕದಲ್ಲಿ ಹವೆ ಕೆಟ್ಟಿತ್ತು. ಆದರೂ ಆ ಇಳಿಯುವಿಕೆ ಕಾನೂನುಬದ್ಧವಾಗಿತ್ತು. ರನ್‌ವೇ ಪಕ್ಕದ ಉಪಕರಣ 1200 ಅಡಿ, ಅಂದರೆ ಸುಮಾರು 365 ಮೀಟರ್, ಎಂದು ತೋರಿಸುತ್ತಿತ್ತು. ಅದಕ್ಕಿಂತ ಕಡಿಮೆಯಾದರೆ ಮಾತ್ರ ಆಗಿನ ಕೆನಡಾದ ನಿಯಮ ಪೈಲಟ್‌ರನ್ನು ತಡೆಯುತ್ತಿತ್ತು. ಅದೇ ವಿಮಾನ, ಅದೇ ಪೈಲಟ್‌ಗಳು, ಅದೇ ಮಂಜು ಗಡಿಯಾಚೆ ಅಮೆರಿಕದಲ್ಲೋ ಯುರೋಪಿನಲ್ಲೋ ಇದ್ದಿದ್ದರೆ ಆ ಪ್ರಯಾಣಿಕ ವಿಮಾನ ಕೊನೆಯ ಹಂತದ ಇಳಿಕೆಯನ್ನು ಆರಂಭಿಸುವಂತೆಯೇ ಇರಲಿಲ್ಲ.

ಮಂಜಿನಲ್ಲಿ ಇಳಿಯುವ ನಿಯಮಗಳು ದೇಶದಿಂದ ದೇಶಕ್ಕೆ ಬೇರೆಬೇರೆಯಾಗಿವೆ ಎಂಬುದು ವಿಮಾನಯಾನದ ಒಳಗಿನವರಿಗೆ ಗೊತ್ತಿರುವ ವಿಷಯವೇ. ಬಹಳ ಮಂದಿ ಅದನ್ನು ಕಾಗದಪತ್ರದ ತೊಡಕು ಎಂದುಕೊಂಡಿದ್ದಾರೆ. ನನ್ನ ಮಟ್ಟಿಗೆ ಅದು ಮುಂದಿನ ದುರಂತಗಳು ಹುಟ್ಟುವ ಜಾಗ. ಹಾಗೆನ್ನಲು ಸಾಕಷ್ಟು ಪುರಾವೆಗಳಿವೆ.

ಮೊದಲು ಮಂಜಿನ ಲೆಕ್ಕ. ಕಣ್ಣಿಗೆ ನೆಲ ಕಾಣದಿರುವಾಗ ವಿಮಾನವನ್ನು ರನ್‌ವೇ ತನಕ ತರುವುದು ಐಎಲ್‌ಎಸ್ ಎಂಬ ವ್ಯವಸ್ಥೆ. ನೆಲದಿಂದ ಹೊರಡುವ ಎರಡು ರೇಡಿಯೊ ಕಿರಣಗಳಲ್ಲಿ ಒಂದು ಎಡ–ಬಲದ ನೇರವನ್ನು ತೋರಿಸುತ್ತದೆ. ಇನ್ನೊಂದು ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನ ದಾರಿಯನ್ನು ತೋರಿಸುತ್ತದೆ. ಕ್ಯಾಟ್ 1 ಎಂಬ ಮೊದಲ ದರ್ಜೆಯಲ್ಲಿ ಪೈಲಟ್ 200 ಅಡಿವರೆಗೆ ಉಪಕರಣಗಳನ್ನು ನಂಬಿ ಇಳಿಯಬಹುದು. ಅಲ್ಲಿ ದೀಪವೋ ರನ್‌ವೇಯೋ ಕಣ್ಣಿಗೆ ಬೀಳಲೇಬೇಕು, ಇಲ್ಲವಾದರೆ ಮೇಲೇರಬೇಕು. ಆ 200 ಅಡಿಯನ್ನು ನಿರ್ಧಾರದ ಎತ್ತರ ಎನ್ನುತ್ತಾರೆ. ಕ್ಯಾಟ್ 2ರಲ್ಲಿ ಆ ಎತ್ತರ 100 ಅಡಿವರೆಗೆ ಇಳಿಯುತ್ತದೆ. ಕ್ಯಾಟ್ 3ರಲ್ಲಿ ಇನ್ನೂ ಕೆಳಕ್ಕೆ, ಕೆಲವೊಮ್ಮೆ ನಿರ್ಧಾರದ ಎತ್ತರವೇ ಇಲ್ಲದೆ, ಆಟೊಪೈಲಟ್ಟೇ ಚಕ್ರ ನೆಲ ಮುಟ್ಟುವ ತನಕ ಹಾರಿಸುತ್ತದೆ.

ಎತ್ತರದ ಜೊತೆಗೆ ಇನ್ನೊಂದು ಅಳತೆ ಬೇಕು: ರನ್‌ವೇ ಮೇಲೆ ಎಷ್ಟು ದೂರ ಕಾಣುತ್ತದೆ ಎಂಬುದು. ಅದೇ ಆರ್‌ವಿಆರ್. ಅದನ್ನು ಅಳೆಯುವುದು ರನ್‌ವೇ ಪಕ್ಕದಲ್ಲಿ ನಿಲ್ಲಿಸಿದ ಟ್ರಾನ್ಸ್‌ಮಿಸೊಮೀಟರ್. ಒಂದು ಕಡೆಯಿಂದ ಬಿಟ್ಟ ಬೆಳಕು ಇನ್ನೊಂದು ಕಡೆ ತಲುಪುವಷ್ಟರಲ್ಲಿ ಮಂಜು ಎಷ್ಟನ್ನು ನುಂಗಿತು ಎಂದು ಅದು ಲೆಕ್ಕ ಹಾಕುತ್ತದೆ. ಈ ಉಪಕರಣವನ್ನು ವಿದೇಶದಿಂದಲೇ ತರಿಸಬೇಕಾಗಿದ್ದ ಕಾಲವಿತ್ತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ನಮ್ಮ ಎನ್‌ಎಎಲ್, ‘ದೃಷ್ಟಿ’ ಎಂಬ ಹೆಸರಿನಲ್ಲಿ ಅದನ್ನು ಇಲ್ಲೇ ರೂಪಿಸಿತು. ಹವಾಮಾನ ಇಲಾಖೆಯ ಜೊತೆಗೂಡಿ ದೇಶದ ಹಲವು ನಿಲ್ದಾಣಗಳಲ್ಲಿ ಅದನ್ನು ನಿಲ್ಲಿಸಲಾಗಿದೆ.

ಕ್ಯಾಟ್ 1ಕ್ಕೆ ಜಗತ್ತು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಕನಿಷ್ಠ ಆರ್‌ವಿಆರ್ 550 ಮೀಟರ್. ಈ ಅಂಕಿಯ ಹಿಂದೆ ಜ್ಯಾಮಿತಿ ಇದೆ. 200 ಅಡಿ ಎತ್ತರದಲ್ಲಿರುವ ವಿಮಾನ ನೆಲ ಮುಟ್ಟುವ ಜಾಗದಿಂದ ಸುಮಾರು 1160 ಮೀಟರ್ ಹಿಂದಿರುತ್ತದೆ, ರನ್‌ವೇಯ ಅಂಚಿನಿಂದ ಸುಮಾರು 860 ಮೀಟರ್ ಹಿಂದೆ. ಮಂಜಿನಲ್ಲಿ ಅಲ್ಲಿಂದ ರನ್‌ವೇ ಕಾಣುವುದಿಲ್ಲ. ಕಾಣಬೇಕಾದದ್ದು ರನ್‌ವೇಗೆ ಮುಂಚೆಯೇ, 900 ಮೀಟರ್ ಉದ್ದಕ್ಕೆ ನೆಟ್ಟಿರುವ ಅಪ್ರೋಚ್ ದೀಪಗಳ ಸಾಲು. 140 ನಾಟ್ ವೇಗದಲ್ಲಿ ಅಲ್ಲಿಂದ ನೆಲ ಮುಟ್ಟಲು ಹಿಡಿಯುವುದು ಸುಮಾರು 16 ಸೆಕೆಂಡ್. ಅಷ್ಟರಲ್ಲಿ ಪೈಲಟ್ ಕಣ್ಣನ್ನು ಉಪಕರಣದಿಂದ ಹೊರಗೆ ತಿರುಗಿಸಿ, ದೀಪ ಗುರುತಿಸಿ, ವಿಮಾನ ಓರೆಯಾಗಿದೆಯೇ ಎಂದು ನೋಡಿ, ಸರಿಪಡಿಸಿ, ಇಳಿಸಬೇಕು. 550 ಮೀಟರ್ ಗೋಚರತೆ ಎಂದರೆ ಕಣ್ಣ ಮುಂದೆ ಸುಮಾರು ಏಳೂವರೆ ಸೆಕೆಂಡಿನ ದಾರಿ. 365 ಮೀಟರ್ ಎಂದರೆ ಐದು ಸೆಕೆಂಡ್. ಆಗುಂಬೆ ಘಾಟಿಯ ಮಂಜಿನಲ್ಲಿ ಕಾರು ಓಡಿಸಿದವರಿಗೆ ಕಾಣುವ ದೂರಕ್ಕೆ ತಕ್ಕಂತೆ ವೇಗ ಇಳಿಸುವುದು ರೂಢಿ. ವಿಮಾನಕ್ಕೆ ಆ ಸೌಕರ್ಯವಿಲ್ಲ. ಒಂದು ಮಿತಿಗಿಂತ ನಿಧಾನವಾದರೆ ಅದು ಬೀಳುತ್ತದೆ.

ಈ ಜ್ಯಾಮಿತಿ ಎಲ್ಲ ದೇಶಗಳಿಗೂ ಒಂದೇ. ಕಾನೂನು ಒಂದೇ ಅಲ್ಲ.

1944ರ ಷಿಕಾಗೊ ಒಪ್ಪಂದದಡಿ ಹುಟ್ಟಿದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, ಮೂಲ ಮಾನದಂಡಗಳನ್ನು ಬರೆಯುತ್ತದೆ. ವರದಿಯಾದ ಗೋಚರತೆ ಕನಿಷ್ಠ ಮಿತಿಗಿಂತ ಕಡಿಮೆ ಇದ್ದರೆ ನಿಲ್ದಾಣದ ಮಟ್ಟದಿಂದ 1000 ಅಡಿಗಿಂತ ಕೆಳಕ್ಕೆ ಇಳಿಕೆಯನ್ನು ಮುಂದುವರಿಸಬಾರದು ಎಂಬುದು ವಾಣಿಜ್ಯ ವಿಮಾನಗಳಿಗೆ ಅದು ಹೇಳುವ ಮಾತು. ಇದನ್ನು ಅಪ್ರೋಚ್ ಬ್ಯಾನ್ ಎನ್ನುತ್ತಾರೆ. ಆದರೆ ಅದೇ ಒಪ್ಪಂದದ 38ನೇ ವಿಧಿ ಸದಸ್ಯ ದೇಶಗಳಿಗೆ ಭಿನ್ನವಾಗಿ ನಡೆಯಲು ಅವಕಾಶ ಕೊಡುತ್ತದೆ. ಭಿನ್ನತೆ ಏನೆಂದು ತಿಳಿಸಿದರೆ ಸಾಕು. ಪ್ರತಿಯೊಂದು ದೇಶದ ವೈಮಾನಿಕ ಮಾಹಿತಿ ಪುಸ್ತಕದಲ್ಲಿ ಆ ಭಿನ್ನತೆಗಳ ಪಟ್ಟಿಗೆಂದೇ ಒಂದು ಭಾಗವಿದೆ. ಪುಟಗಟ್ಟಲೆ ಸಣ್ಣ ಅಕ್ಷರದ ಕೋಷ್ಟಕಗಳು. ಬೆಳಗಿನ ಜಾವ ಪರದೇಶದ ಮಂಜಿನತ್ತ ಹೊರಟ ಪೈಲಟ್ ಅದನ್ನು ಓದಿ ಅರಗಿಸಿಕೊಂಡಿರುತ್ತಾರೆ ಎಂದು ನಂಬಿಕೊಂಡು ನಾವು ಹಾರುತ್ತಿದ್ದೇವೆ.

ಅಮೆರಿಕವನ್ನು ನೋಡಿ. ಟಿಕೆಟ್ ಮಾರುವ ವಿಮಾನ ಕಂಪನಿಗಳಿಗೆ ಅಲ್ಲಿ ಬಿಗಿಯಾದ ತಡೆ ಇದೆ: ಗೋಚರತೆ ಕಡಿಮೆಯಿದ್ದರೆ ಕೊನೆಯ ಇಳಿಕೆಯ ಹಂತಕ್ಕೆ ಕಾಲಿಡುವಂತಿಲ್ಲ. ಖಾಸಗಿಯಾಗಿ ಹಾರಿಸುವವರಿಗೆ ಆ ತಡೆ ಇಲ್ಲ. ವರದಿಯಲ್ಲಿ ಶೂನ್ಯ ಎಂದಿದ್ದರೂ ನಿರ್ಧಾರದ ಎತ್ತರದ ತನಕ ಇಳಿದು ‘ನೋಡಿ ಬರಬಹುದು’. ಕೊನೆಗೆ ಇಳಿಯಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವುದು ಪೈಲಟ್ಟಿನ ಸ್ವಂತ ಕಣ್ಣು ಅಂದಾಜು ಮಾಡಿದ ಗೋಚರತೆ. ಹೊರಡುವಾಗಲಂತೂ ಖಾಸಗಿ ವಿಮಾನಕ್ಕೆ ಕನಿಷ್ಠ ಗೋಚರತೆಯ ನಿಯಮವೇ ಇಲ್ಲ.

ಯುರೋಪಿನಲ್ಲಿ 1000 ಅಡಿಯ ತಡೆ ಖಾಸಗಿ ವಿಮಾನಕ್ಕೂ ತಾಗುತ್ತದೆ. ಬ್ರಿಟನ್ನಿನಲ್ಲಿ ಗೋಚರತೆ ಕನಿಷ್ಠಕ್ಕಿಂತ ಕೆಳಗಿಳಿದಿದ್ದರೆ ಕಂಟ್ರೋಲರ್ ಅದನ್ನು ಪೈಲಟ್‌ಗೆ ತಿಳಿಸಿ, ಏನು ಮಾಡುತ್ತೀರಿ ಎಂದು ಕೇಳಬೇಕು. ಆದರೂ ಪೈಲಟ್ ಮುಂದುವರಿದರೆ ಇಳಿಯಲು ಅನುಮತಿ ಎಂದು ಹೇಳದೆ, ತನಗೆ ತಿಳಿದಂತೆ ಅಡ್ಡ ಬರುವ ಬೇರೆ ವಿಮಾನವಿಲ್ಲ ಎಂದಷ್ಟೇ ಹೇಳಬೇಕು. ಅಂದರೆ ಅಲ್ಲಿಯೂ ಕೈ ಹಿಡಿದು ನಿಲ್ಲಿಸುವವರಿಲ್ಲ. ಆದರೆ ನೀವು ಗೆರೆ ದಾಟುತ್ತಿದ್ದೀರಿ ಎಂದು ಕಿವಿಗೆ ಬೀಳುವಂತೆ ಹೇಳುವ ಒಂದು ದನಿ ಇದೆ.

ಕೆನಡಾ ಫ್ರೆಡರಿಕ್ಟನ್ನಿನಿಂದ ಕಲಿಯಲಿಲ್ಲ ಎನ್ನಲಾಗದು, ತಡವಾಗಿ ಕಲಿಯಿತು. 2006ರ ಡಿಸೆಂಬರಿನಲ್ಲಿ ಹೊಸ ಅಪ್ರೋಚ್ ಬ್ಯಾನ್ ಜಾರಿಗೆ ಬಂತು. ಆದರೆ ಅದರ ರಚನೆ ನೋಡಿ: ನಕ್ಷೆಯಲ್ಲಿ ಮುದ್ರಿತವಾದ ಗೋಚರತೆ ಅಲ್ಲಿ ಸಲಹೆ ಮಾತ್ರ. ವಾಣಿಜ್ಯ ವಿಮಾನಗಳನ್ನು ತಡೆಯುವ ಮಿತಿ ಅದರ ಸುಮಾರು ಮುಕ್ಕಾಲು ಭಾಗ. ವಿಶೇಷ ಅನುಮತಿ ಇದ್ದರೆ ಇನ್ನೂ ಕಡಿಮೆ. ನೆಲದಿಂದ ವರದಿಯಾಗುವ ಗೋಚರತೆಯನ್ನು ಆಧರಿಸಿದ ತಡೆ 60 ಡಿಗ್ರಿ ಅಕ್ಷಾಂಶದ ದಕ್ಷಿಣಕ್ಕೆ ಮಾತ್ರ ಅನ್ವಯ. 2018ರಲ್ಲಿ ಕ್ವಿಬೆಕ್ ಪ್ರಾಂತ್ಯದ ಹಾವ್ರ್ ಸೇಂಟ್ ಪಿಯರ್‌ನಲ್ಲಿ ಸಣ್ಣ ವಿಮಾನವೊಂದು ಹಿಮದ ಬಿರುಸಿನಲ್ಲಿ ಇಳಿದು ರನ್‌ವೇ ದಾಟಿ ಹೋಯಿತು. ಅದರ ತನಿಖೆ ಮುಗಿಸಿದ ಸುರಕ್ಷತಾ ಮಂಡಳಿ 2020ರಲ್ಲಿ ಎರಡು ಶಿಫಾರಸು ಮಾಡಿತು: ಈ ಕನಿಷ್ಠ ಮಿತಿಗಳನ್ನು ಸರಳಗೊಳಿಸಿ, ನಿಷಿದ್ಧವಾದ ಇಳಿಕೆಗಳನ್ನು ನಿಜಕ್ಕೂ ತಡೆಯುವ ಒಂದು ವ್ಯವಸ್ಥೆ ತನ್ನಿ. ವಿಮಾನಯಾನದಲ್ಲಿ ಇಷ್ಟು ಮುಂದುವರಿದ ದೇಶದ ತನಿಖಾ ಸಂಸ್ಥೆಯೇ ತನ್ನ ನಿಯಮ ಅರ್ಥವಾಗುವಂತಿಲ್ಲ, ಅರ್ಥವಾದರೂ ತಡೆಯುವಂತಿಲ್ಲ ಎಂದು ಹೇಳಿದಂತಾಯಿತು.

ಇನ್ನೊಂದು ಭಿನ್ನತೆ ಇಂಧನದ್ದು. ಹವೆ ಚೆನ್ನಾಗಿರುತ್ತದೆ ಎಂಬ ಮುನ್ಸೂಚನೆ ಇದ್ದರೆ ಆಸ್ಟ್ರೇಲಿಯಾದಲ್ಲಿ ಪರ್ಯಾಯ ನಿಲ್ದಾಣಕ್ಕೆ ಬೇಕಾದ ಇಂಧನ ಹೊರುವುದು ಕಡ್ಡಾಯವಾಗಿರಲಿಲ್ಲ. 2013ರ ಜೂನ್ 18ರಂದು ಅಡಿಲೇಡ್‌ನಲ್ಲಿ ಮಂಜು ಕವಿದಾಗ ಎರಡು ಬೋಯಿಂಗ್ 737 ವಿಮಾನಗಳು ಮಿಲ್ಡುರಾ ಎಂಬ ಸಣ್ಣ ಊರಿಗೆ ತಿರುಗಿದವು. ಅಲ್ಲಿಯೂ ಮುನ್ಸೂಚನೆಯಿಲ್ಲದ ಮಂಜು. ಬೇರೆಡೆ ಹೋಗಲು ಇಂಧನವಿಲ್ಲದೆ ಎರಡೂ ಮಿತಿಗಿಂತ ಕೆಟ್ಟ ಹವೆಯಲ್ಲೇ ಇಳಿದವು. ಒಂದರಲ್ಲಿ ಪ್ರಯಾಣಿಕರಿಗೆ ಆಘಾತಕ್ಕೆ ಸಿದ್ಧರಾಗುವಂತೆ ಹೇಳಲಾಗಿತ್ತು.

ಪ್ರತಿ ದೇಶದ ನಿಯಮ ಆ ದೇಶದೊಳಗೆ ಹೇಗೋ ನಡೆದುಕೊಂಡು ಹೋಗುತ್ತಿದೆ, ಅಪಘಾತಗಳು ಅಪರೂಪ, ಮತ್ತೇಕೆ ಗಾಬರಿ ಎಂದು ಕೇಳಬಹುದು. ಆ ಪ್ರಶ್ನೆ ನ್ಯಾಯವಾದದ್ದೇ. ಪೂರ್ತಿ ಸಜ್ಜಾದ ಕ್ಯಾಟ್ 3 ವ್ಯವಸ್ಥೆಯ ದಾಖಲೆ ನಿಜಕ್ಕೂ ಒಳ್ಳೆಯದಿದೆ. ದೆಹಲಿಯ ಚಳಿಗಾಲದ ಬೆಳಗಿನಲ್ಲಿ 50 ಮೀಟರ್ ಮಾತ್ರ ಕಾಣುವ ಮಂಜಿನಲ್ಲಿ ಆಟೊಪೈಲಟ್ ಇಳಿಸುವ ವಿಮಾನದಲ್ಲಿ ಕೂರಲು ನನಗೆ ಭಯವಿಲ್ಲ. ಅಲ್ಲಿ ಉಪಕರಣ, ದೀಪ, ತರಬೇತಿ, ಅನುಮತಿ ಎಲ್ಲವೂ ಒಂದಕ್ಕೊಂದು ಹೊಂದಿರುತ್ತವೆ. ಸಾವು ಸಂಭವಿಸುತ್ತಿರುವುದು ಇನ್ನೊಂದು ಕಡೆ: ಕ್ಯಾಟ್ 1ಕ್ಕೆ ಮಾತ್ರ ಸಜ್ಜಾದ ವಿಮಾನವೋ ಪೈಲಟ್ಟೋ ನಿಲ್ದಾಣವೋ ಅದಕ್ಕಿಂತ ದಟ್ಟವಾದ ಮಂಜನ್ನು ಎದುರಿಸುವಾಗ, ಅದರಲ್ಲೂ ಒಂದು ದೇಶದ ವಿಮಾನ ಇನ್ನೊಂದು ದೇಶದ ಮಂಜಿಗೆ ಬಂದಾಗ.

ಐರ್ಲೆಂಡಿನ ಕಾರ್ಕ್ ನಗರ, 2011ರ ಫೆಬ್ರುವರಿ 10. ಬೆಲ್‌ಫಾಸ್ಟ್‌ನಿಂದ 12 ಜನರನ್ನು ಹೊತ್ತು ಬಂದ ಸಣ್ಣ ವಿಮಾನ ಮೂರನೇ ಪ್ರಯತ್ನದಲ್ಲಿ ರನ್‌ವೇ ಮೇಲೆ ತಲೆಕೆಳಗಾಗಿ ಬಿತ್ತು. ಆರು ಜನ ಸತ್ತರು. ಟಿಕೆಟ್ ಮಾರಿದ್ದು ಐಲ್ ಆಫ್ ಮ್ಯಾನ್‌ನ ಕಂಪನಿ. ಹಾರಾಟದ ಪರವಾನಗಿ ಸ್ಪೇನಿನದು. ಇಳಿಯಬೇಕಾಗಿದ್ದದ್ದು ಐರ್ಲೆಂಡಿನಲ್ಲಿ. ಕ್ಯಾಟ್ 1ಕ್ಕೆ 550 ಮೀಟರ್ ಬೇಕಾಗಿತ್ತು, ಇರಲಿಲ್ಲ. ಆದರೂ ತಡೆಯ ಗೆರೆ ದಾಟಿ ಇಳಿದರು, ಮೊದಲ ಎರಡು ಸಲವೂ 200 ಅಡಿಗಿಂತ ಕೆಳಕ್ಕೆ ಹೋದರು ಎಂದು ಐರ್ಲೆಂಡಿನ ತನಿಖಾ ಘಟಕ ದಾಖಲಿಸಿತು. ಯುರೋಪಿನ ನಿಯಮ ಕಾಗದದ ಮೇಲೆ ಬಿಗಿಯಾಗಿಯೇ ಇತ್ತು. ದೂರದ ಸ್ಪೇನಿನ ನಿಯಂತ್ರಣಾಧಿಕಾರಿಗೆ ಆ ಸೇವೆಯ ದಿನನಿತ್ಯದ ಸ್ಥಿತಿ ಕಾಣುತ್ತಿರಲಿಲ್ಲ, ಹತ್ತಿರದವರಿಗೆ ಅಧಿಕಾರವಿರಲಿಲ್ಲ. ಮಿತಿ ಎಷ್ಟು ಎಂಬುದರ ಜೊತೆಗೆ ಅದನ್ನು ಕಾಯುವವರು ಯಾರು ಎಂಬುದೂ ಅಷ್ಟೇ ಮುಖ್ಯ ಎಂಬುದನ್ನು ಕಾರ್ಕ್ ಕಲಿಸಿತು.

ಅದಕ್ಕೂ ಮುಂಚೆ ಇಟಲಿಯ ಮಿಲಾನ್ ಲಿನಾಟೆ ಇನ್ನೂ ದೊಡ್ಡ ಬೆಲೆ ತೆತ್ತು ಅದನ್ನೇ ಹೇಳಿತ್ತು. 2001ರ ಅಕ್ಟೋಬರ್ 8ರ ಬೆಳಿಗ್ಗೆ ರನ್‌ವೇ ಮೇಲೆ ಕಾಣುತ್ತಿದ್ದದ್ದು ಸುಮಾರು 200 ಮೀಟರ್. ಜರ್ಮನಿಯಲ್ಲಿ ನೋಂದಣಿಯಾದ ಸಣ್ಣ ಸೆಸ್ನಾ ಜೆಟ್ ಮಂಜಿನಲ್ಲಿ ತಪ್ಪು ದಾರಿ ಹಿಡಿದು, ಹಾರಲು ಓಡುತ್ತಿದ್ದ ಎಸ್‌ಎಎಸ್ ಕಂಪನಿಯ ಎಂಡಿ–87 ವಿಮಾನಕ್ಕೆ ಅಡ್ಡ ಬಂತು. 118 ಜನ ಸತ್ತರು. ಅವರಲ್ಲಿ ನಾಲ್ವರು ಸಾಮಾನು ಸರಂಜಾಮಿನ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದವರು. ಹಳೆಯ ನೆಲದ ರೇಡಾರ್ ತೆಗೆದಿದ್ದರು, ಹೊಸದು ಚಾಲೂ ಆಗಿರಲಿಲ್ಲ. ಗುರುತಿನ ಫಲಕಗಳು ಸರಿಯಿರಲಿಲ್ಲ. ಇವೆಲ್ಲದರ ಜೊತೆಗೆ ಇನ್ನೊಂದು: ಸೆಸ್ನಾದ ಪೈಲಟ್‌ಗಳಿಗೆ ಇದ್ದದ್ದು ಕ್ಯಾಟ್ 1ರ ಅರ್ಹತೆ ಮಾತ್ರ. ಆ ಮಂಜಿನಲ್ಲಿ ಅವರು ಅಲ್ಲಿ ಬಂದು ಇಳಿಯಬಾರದಿತ್ತು, ಮತ್ತೆ ಹೊರಡಲೂಬಾರದಿತ್ತು. ನಿಮಗೆ ಅರ್ಹತೆ ಇದೆಯೇ ಎಂದು ಯಾರೂ ಕೇಳಲಿಲ್ಲ. ಕೇಳುವುದು ಯಾರ ಕೆಲಸವೂ ಆಗಿರಲಿಲ್ಲ.

2010ರ ಏಪ್ರಿಲ್ 10ರಂದು ರಷ್ಯಾದ ಸ್ಮೊಲೆನ್ಸ್ಕ್‌ನಲ್ಲಿ ಪೋಲೆಂಡಿನ ಅಧ್ಯಕ್ಷ ಲೆಖ್ ಕಚಿನ್‌ಸ್ಕಿ ಸೇರಿ 96 ಜನ ಸತ್ತ ದುರಂತದಲ್ಲೂ ಇದೇ ಪ್ರಶ್ನೆ. ಐಎಲ್‌ಎಸ್ ಇಲ್ಲದ ಆ ಸೇನಾ ನೆಲೆಯ ಮಿತಿ 100 ಮೀಟರ್ ಎತ್ತರ, 1000 ಮೀಟರ್ ಗೋಚರತೆ. ವರದಿಯಾದ ಗೋಚರತೆ 400 ಮೀಟರ್. ಇಳಿಯಲು ಹವೆ ಇಲ್ಲ ಎಂದು ಕಂಟ್ರೋಲರ್ ಹೇಳಿದರು. 100 ಮೀಟರ್ ತನಕ ಬಂದು ನೋಡುತ್ತೇವೆ ಎಂದು ಪೋಲೆಂಡಿನ ಸಿಬ್ಬಂದಿ ಕೇಳಿದರು. ವಿದೇಶಿ ವಿಮಾನದ ಕಮಾಂಡರ್ ತನ್ನ ಹೊಣೆಯ ಮೇಲೆ ತೀರ್ಮಾನಿಸಬಹುದು ಎಂಬ ರಷ್ಯಾದ ನಿಯಮವನ್ನು ಒಂದು ತನಿಖೆ ಎತ್ತಿ ಹಿಡಿಯಿತು. ಇದು ಸೇನಾ ಹಾರಾಟ, ನಿಲ್ದಾಣವೇ ತಡೆಯಬೇಕಿತ್ತು ಎಂದು ಪೋಲೆಂಡ್ ವಾದಿಸಿತು. ಸತ್ತವರನ್ನು ಮಣ್ಣು ಮಾಡಿದ ಮೇಲೆ ಎರಡು ದೇಶಗಳು ಚರ್ಚಿಸಿದ ಈ ಪ್ರಶ್ನೆಗೆ ವಿಮಾನ ಹೊರಡುವ ಮುಂಚೆಯೇ ಒಂದು ಉತ್ತರವಿರಬೇಕಿತ್ತು.

ಭಾರತಕ್ಕೂ ಇಂಥ ಅನುಭವವಿದೆ, ನಾವು ಮರೆತಿದ್ದೇವೆ. 1992ರ ಕೊನೆಯಲ್ಲಿ ಇಂಡಿಯನ್ ಏರ್‌ಲೈನ್ಸ್ ಪೈಲಟ್‌ಗಳು ಮುಷ್ಕರ ಹೂಡಿದಾಗ ಸಂಸ್ಥೆ ಉಜ್ಬೇಕಿಸ್ತಾನದಿಂದ ಸಿಬ್ಬಂದಿ ಸಮೇತ ಟಿಯು–154 ವಿಮಾನಗಳನ್ನು ಬಾಡಿಗೆಗೆ ತಂದಿತು. 1993ರ ಜನವರಿ 9ರಂದು ಹೈದರಾಬಾದಿನಿಂದ ಹೋದ ಅಂಥ ಒಂದು ವಿಮಾನ ದೆಹಲಿಯ ಮಂಜಿನಲ್ಲಿ ರನ್‌ವೇಯ ಪಕ್ಕಕ್ಕೆ ಇಳಿದು ಮಗುಚಿ ಬಿತ್ತು. ಒಳಗಿದ್ದ 165 ಜನರೂ ಬದುಕಿ ಬಂದರು. ಅಷ್ಟು ಜನ ಬದುಕಿದ್ದರಿಂದಲೇ ಇರಬೇಕು, ಆ ಘಟನೆ ನಮ್ಮ ನೆನಪಿನಲ್ಲಿ ಉಳಿಯಲಿಲ್ಲ.

ಈಗ ಮುಂದಿನದು. ಇಂಥ ಸಂದರ್ಭಗಳು ಹೆಚ್ಚಾಗುತ್ತವೆ ಎನ್ನಲು ಕಾರಣಗಳಿವೆ.

ಮೊದಲನೆಯದು, 2023ರಲ್ಲಿ ಏರ್ ಇಂಡಿಯಾ 470, ಇಂಡಿಗೊ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. ಅವು ಬರುವ ತನಕ ಬೇಡಿಕೆ ಕಾಯುವುದಿಲ್ಲ. ಪರದೇಶದ ಪೈಲಟ್ ಸಮೇತ ಬಾಡಿಗೆ ವಿಮಾನ ತರುವ ಪದ್ಧತಿ ಮರಳಿದೆ. ಇಂಡಿಗೊ ಟರ್ಕಿಯಿಂದ ತಂದ ಬೋಯಿಂಗ್ 777 ಅಂಥದ್ದೇ. ನಮ್ಮವರ ಸ್ಥಿತಿಯನ್ನೂ ಹೇಳಬೇಕು. 2023ರ ಡಿಸೆಂಬರಿನ ಕೊನೆಯ ವಾರದಲ್ಲಿ ದೆಹಲಿಯಲ್ಲಿ ಮಂಜು ಕವಿದಾಗ ಎಷ್ಟೋ ವಿಮಾನಗಳು ಬೇರೆ ಊರುಗಳಿಗೆ ತಿರುಗಿದವು. ಕಡಿಮೆ ಗೋಚರತೆಯಲ್ಲಿ ಇಳಿಸುವ ತರಬೇತಿ ಇಲ್ಲದ ಪೈಲಟ್‌ಗಳನ್ನು ದೆಹಲಿಯ ಹಾರಾಟಕ್ಕೆ ಹಾಕಿದ್ದಕ್ಕಾಗಿ ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ 2024ರ ಜನವರಿಯಲ್ಲಿ ಏರ್ ಇಂಡಿಯಾ ಮತ್ತು ಸ್ಪೈಸ್‌ಜೆಟ್‌ಗೆ ತಲಾ 30 ಲಕ್ಷ ರೂಪಾಯಿ ದಂಡ ಹಾಕಿತು. ಆ ಪೈಲಟ್‌ಗಳು ತಿರುಗಿ ಹೋದರು, ಸರಿಯಾದದ್ದನ್ನೇ ಮಾಡಿದರು. ಆದರೆ ದೆಹಲಿಯಲ್ಲಿ ಕ್ಯಾಟ್ 3 ಇದೆ, 2015ರ ಚಳಿಗಾಲದಿಂದ ಅಲ್ಲಿಯ ಮಂಜನ್ನೇ ಅಧ್ಯಯನ ಮಾಡುವ ವೈಜ್ಞಾನಿಕ ಯೋಜನೆ ನಡೆದಿದೆ. ಇಷ್ಟಿದ್ದೂ ವಿಮಾನ, ಪೈಲಟ್, ನಿಲ್ದಾಣ ಮೂರೂ ಹೊಂದಿಕೊಳ್ಳಲಿಲ್ಲ. ಇಷ್ಟು ಕಣ್ಗಾವಲು ಇಲ್ಲದ ಕಡೆ ಏನಾಗುತ್ತದೆ ಎಂಬುದು ನನ್ನ ಆತಂಕ.

ಎರಡನೆಯದು, ಐಎಲ್‌ಎಸ್ ಇಲ್ಲದ ಸಣ್ಣ ನಿಲ್ದಾಣಗಳಿಗೆ ಉಪಗ್ರಹ ದಾರಿ ತೋರಿಸುವ ಹೊಸ ವಿಧಾನ ಬರುತ್ತಿದೆ. ಒಳ್ಳೆಯದೇ. ನಮ್ಮ ‘ಗಗನ್’ ವ್ಯವಸ್ಥೆಯನ್ನು ಬಳಸಿ 2022ರ ಏಪ್ರಿಲ್ 28ರಂದು ಇಂಡಿಗೊದ ಎಟಿಆರ್ ವಿಮಾನ ರಾಜಸ್ಥಾನದ ಕಿಶನ್‌ಗಢದಲ್ಲಿ ಇಳಿಯಿತು. ಆದರೆ ಇಲ್ಲಿ ದೇಶಗಳ ಭಿನ್ನತೆ ಇನ್ನೂ ಹೆಚ್ಚು. ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟ ಮೇಲೆ 2021ರ ಜೂನ್ 25ರಂದು ಯುರೋಪಿನ ‘ಎಗ್ನಾಸ್’ ಉಪಗ್ರಹ ಸೇವೆಯ ಒಪ್ಪಂದ ಮುಗಿಯಿತು. ಅದೇ ಉಪಗ್ರಹ, ಅದೇ ಸಂಕೇತ ಬ್ರಿಟನ್ನಿನ ಆಕಾಶದಲ್ಲಿ ಬೀಳುತ್ತಲೇ ಇತ್ತು. ಕಾನೂನಿನ ಪ್ರಕಾರ ಅದನ್ನು ನಂಬಿ ಇಳಿಯುವಂತಿರಲಿಲ್ಲ. ಮಂಜಿನ ದಿನ ಸಣ್ಣ ನಿಲ್ದಾಣಗಳ ಮಿತಿ ಒಂದೇ ರಾತ್ರಿಯಲ್ಲಿ ಮೇಲಕ್ಕೆ ಹೋಯಿತು.

ಇನ್ನು ಕೆಲವು ಉಪಗ್ರಹ ಇಳಿಕೆಗಳಲ್ಲಿ ಎತ್ತರವನ್ನು ಹೇಳುವುದು ಗಾಳಿಯ ಒತ್ತಡ ಅಳೆಯುವ ಆಲ್ಟಿಮೀಟರ್. ಅದಕ್ಕೆ ಊಡಿಸಿದ ಅಂಕಿ ತಪ್ಪಾದರೆ ಇಡೀ ಇಳಿಜಾರಿನ ದಾರಿಯೇ ನೆಲದತ್ತ ಸರಿಯುತ್ತದೆ, ಕಾಕ್‌ಪಿಟ್ಟಿನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. 2022ರ ಮೇ 23ರಂದು ಪ್ಯಾರಿಸ್‌ನಲ್ಲಿ ಆದದ್ದು ಇದೇ. ಐಎಲ್‌ಎಸ್ ಕೆಲಸ ಮಾಡುತ್ತಿರಲಿಲ್ಲ. 1001 ಎಂದು ಹೇಳಬೇಕಾದ ಒತ್ತಡವನ್ನು ಕಂಟ್ರೋಲರ್ 1011 ಎಂದರು. ಮಳೆಯ ಮೋಡದಲ್ಲಿ ಇಳಿಯುತ್ತಿದ್ದ ಏರ್‌ಬಸ್ ಎ320 ಸುಮಾರು 280 ಅಡಿ ಕೆಳಗಿನ ದಾರಿಯಲ್ಲಿ ಬಂತು. ರನ್‌ವೇಗೆ ಇನ್ನೂ ಒಂದು ಕಿಲೋಮೀಟರಿಗಿಂತ ಹೆಚ್ಚು ದೂರವಿರುವಾಗ ನೆಲದಿಂದ ಅದರ ಎತ್ತರ 6 ಅಡಿ ಎಂದು ದಾಖಲಾಯಿತು. ಅದು ಮಾಲ್ಟಾದ ಕಂಪನಿ ಬೇರೊಂದು ಕಂಪನಿಗಾಗಿ ಹಾರಿಸುತ್ತಿದ್ದ ವಿಮಾನ. ಆರು ಅಡಿ ಎಂದರೆ ಒಬ್ಬ ಎತ್ತರದ ಮನುಷ್ಯ. ಇದಕ್ಕಿಂತ ಸ್ಪಷ್ಟವಾದ ಮುನ್ನೆಚ್ಚರಿಕೆ ಯಾವ ಉದ್ಯಮಕ್ಕೂ ಸಿಗುವುದಿಲ್ಲ.

ಉಪಗ್ರಹದ ಸಂಕೇತವನ್ನೇ ಕೆಡಿಸುವವರೂ ಇದ್ದಾರೆ. ಜಿಪಿಎಸ್ ಅಡಚಣೆಯಿಂದ ಎಸ್ಟೋನಿಯಾದ ಟಾರ್ಟು ನಿಲ್ದಾಣದಲ್ಲಿ ಇಳಿಯಲಾಗದೆ ಫಿನ್‌ಏರ್ 2024ರ ಏಪ್ರಿಲ್ ಕೊನೆಯಿಂದ ಒಂದು ತಿಂಗಳು ಅಲ್ಲಿಗೆ ಹಾರಾಟವನ್ನೇ ನಿಲ್ಲಿಸಿತ್ತು. ಆ ನಿಲ್ದಾಣದ ಇಳಿಕೆಯ ವಿಧಾನ ಜಿಪಿಎಸ್ ಮೇಲೆಯೇ ನಿಂತಿತ್ತು.

ಮೂರನೆಯದು ಮಂಜನ್ನು ಭೇದಿಸಿ ನೋಡುವ ಕ್ಯಾಮೆರಾ. ಇನ್‌ಫ್ರಾರೆಡ್ ಕ್ಯಾಮೆರಾದ ಚಿತ್ರವನ್ನು ಪೈಲಟ್ಟಿನ ಕಣ್ಣ ಮುಂದಿನ ಗಾಜಿನ ಮೇಲೆ ಮೂಡಿಸಿ, ಅದನ್ನು ಕಣ್ಣಿನ ಬದಲಿಗೆ ಬಳಸಬಹುದು ಎಂದು ಅಮೆರಿಕ 2016ರ ನಿಯಮದಲ್ಲಿ ಒಪ್ಪಿತು. ಅರ್ಹತೆ ಪಡೆದವರು ನೆಲ ಮುಟ್ಟುವ ತನಕ ಅದನ್ನೇ ನಂಬಬಹುದು. ಯುರೋಪ್ 2022ರ ಅಕ್ಟೋಬರ್ 30ರಿಂದ ತನ್ನದೇ ಬೇರೆ ಲೆಕ್ಕದಲ್ಲಿ ರಿಯಾಯಿತಿ ಕೊಡುತ್ತಿದೆ. ಇಲ್ಲಿ ಒಂದು ಭೌತಿಕ ಸತ್ಯ ಅಡ್ಡ ಬರುತ್ತದೆ. ಈ ಕ್ಯಾಮೆರಾಗಳು ಮುಖ್ಯವಾಗಿ ನೋಡುವುದು ಹಳೆಯ ಬಲ್ಬುಗಳ ಶಾಖವನ್ನು. ವಿದ್ಯುತ್ ಉಳಿಸಲು ಜಗತ್ತಿನ ನಿಲ್ದಾಣಗಳು ಎಲ್‌ಇಡಿಗೆ ಬದಲಾಗುತ್ತಿವೆ. ಎಲ್‌ಇಡಿ ಬೆಳಕು ಕೊಡುತ್ತದೆ, ಆ ಶಾಖವನ್ನು ಕೊಡುವುದಿಲ್ಲ. ಬರಿಗಣ್ಣಿಗೆ ಉರಿಯುವ ದೀಪ ಕ್ಯಾಮೆರಾಕ್ಕೆ ಇಲ್ಲದಂತೆಯೇ. ಒಂದು ದೇಶದಲ್ಲಿ ಕ್ಯಾಮೆರಾ ನಂಬಿ ಇಳಿದು ರೂಢಿಯಾದ ಪೈಲಟ್ ಎಲ್‌ಇಡಿ ಹಾಕಿದ ಇನ್ನೊಂದು ದೇಶದ ರನ್‌ವೇಗೆ ಬಂದಾಗ, ಎಲ್ಲಿ ಯಾವ ದೀಪವಿದೆ ಎಂಬುದು ಮುಂಚೆಯೇ ಗೊತ್ತಿರದಿದ್ದರೆ, ಕೊನೆಯ 16 ಸೆಕೆಂಡುಗಳಲ್ಲಿ ತಿಳಿಯುತ್ತದೆ.

ಕರ್ನಾಟಕದಲ್ಲಿ ಎರಡೂ ತುದಿಗಳನ್ನು ನೋಡಬಹುದು. ದೇವನಹಳ್ಳಿಯ ನಿಲ್ದಾಣದಲ್ಲಿ ಚಳಿಗಾಲದ ಬೆಳಗಿನ ಮಂಜಿಗೆ ಎಷ್ಟೋ ವರ್ಷ ಚೆನ್ನೈಗೋ ಹೈದರಾಬಾದಿಗೋ ತಿರುಗುವುದೇ ದಾರಿಯಾಗಿತ್ತು. ದಕ್ಷಿಣದ ರನ್‌ವೇಗೆ ಕ್ಯಾಟ್ 3ಬಿ ಬಂದ ಮೇಲೆ ಇಳಿಯುವ ಮಿತಿ 550 ಮೀಟರಿನಿಂದ 50 ಮೀಟರಿಗೆ, ಹೊರಡುವ ಮಿತಿ 300ರಿಂದ 125ಕ್ಕೆ ಇಳಿಯಿತು. ದಕ್ಷಿಣ ಭಾರತದಲ್ಲಿ ಅದೇ ಮೊದಲು. ಇನ್ನೊಂದು ತುದಿಯಲ್ಲಿ ಶಿವಮೊಗ್ಗ: 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಗಿ, ಆಗಸ್ಟ್ 31ರಂದು ಮೊದಲ ಪ್ರಯಾಣಿಕ ವಿಮಾನ ಕಂಡ ಈ ನಿಲ್ದಾಣ ಐಎಲ್‌ಎಸ್ ಇಲ್ಲದೆಯೇ ಆರಂಭವಾಯಿತು. ಮಲೆನಾಡಿನ ಮೋಡ, ಮಳೆ, ಮಂಜಿನ ಅಂಚಿನಲ್ಲಿ ಕೂತ ಊರಿಗೆ ಅದು ಕೊಟ್ಟ ತೊಂದರೆ ಅಲ್ಲಿಯವರಿಗೆ ಗೊತ್ತು. ನಿಲ್ದಾಣ ಕಟ್ಟಿಸಿ ರಿಬ್ಬನ್ ಕತ್ತರಿಸುವಾಗ ಇರುವ ಅವಸರ ಉಪಕರಣ ತರಿಸುವಾಗ ಇರುವುದಿಲ್ಲ. ಆ ನಡುವಿನ ತಿಂಗಳುಗಳಲ್ಲಿ ಬರುವುದು ದೊಡ್ಡ ಕಂಪನಿಗಳ ವಿಮಾನಗಳಷ್ಟೇ ಅಲ್ಲ. ಉದ್ಯಮಿಗಳ, ರಾಜಕಾರಣಿಗಳ ಚಾರ್ಟರ್ ವಿಮಾನಗಳೂ ಬರುತ್ತವೆ. ಹಿಂದಿನ ಸೀಟಿನಲ್ಲಿ ಸಭೆಗೆ ಹೊತ್ತಾಯಿತು ಎನ್ನುವ ಯಜಮಾನರು ಕೂತಿರುವ ವಿಮಾನಗಳು.

ಆಗಬೇಕಾದದ್ದು ಇಷ್ಟು. 1000 ಅಡಿಯ ತಡೆ ವಾಣಿಜ್ಯ, ಖಾಸಗಿ, ಸರ್ಕಾರಿ, ವಿದೇಶಿ ಎಂಬ ಭೇದವಿಲ್ಲದೆ ಎಲ್ಲ ವಿಮಾನಕ್ಕೂ ಒಂದೇ ಆಗಬೇಕು. ಇದಕ್ಕೆ ಭಿನ್ನತೆ ಹೂಡುವ ಹಕ್ಕನ್ನು ದೇಶಗಳು ತಾವಾಗಿ ಬಿಟ್ಟುಕೊಡಬೇಕು. ಕಡಿಮೆ ಗೋಚರತೆ ಘೋಷಣೆಯಾದ ಮೇಲೆ ಇಳಿಯಲು ಕೇಳುವ ಪ್ರತಿಯೊಬ್ಬ ಪೈಲಟ್‌ಗೂ ಅರ್ಹತೆ ಯಾವ ದರ್ಜೆಯದು ಎಂದು ಕಂಟ್ರೋಲರ್ ಕೇಳಿ ದಾಖಲಿಸಬೇಕು. ಲಿನಾಟೆಯಲ್ಲಿ ಆ ಒಂದು ಪ್ರಶ್ನೆ ಸಾಕಾಗುತ್ತಿತ್ತು. ವೇಳಾಪಟ್ಟಿಯ ವಿಮಾನ ಬರುವ ಪ್ರತಿ ನಿಲ್ದಾಣದಲ್ಲೂ ಟ್ರಾನ್ಸ್‌ಮಿಸೊಮೀಟರ್ ಇರಬೇಕು. ಅದನ್ನು ಬೆಂಗಳೂರಿನಲ್ಲೇ ರೂಪಿಸಿರುವಾಗ ನೆಪ ಹೇಳುವಂತಿಲ್ಲ. ಅದರ ಅಂಕಿಯನ್ನೂ ವಿಮಾನ ಇಳಿದ ಕ್ಷಣವನ್ನೂ ಯಂತ್ರವೇ ಹೋಲಿಸಿ, ಮಿತಿ ಮೀರಿದ ಪ್ರತಿ ಇಳಿಕೆಯನ್ನು ಡಿಜಿಸಿಎ ವರ್ಷಕ್ಕೊಮ್ಮೆ ಸಾರ್ವಜನಿಕರ ಮುಂದಿಡಬೇಕು. ಸಿಬ್ಬಂದಿ ಸಮೇತ ಬಾಡಿಗೆಗೆ ಬರುವ ವಿಮಾನಕ್ಕೆ ಅನುಮತಿ ಕೊಡುವ ಮುಂಚೆ ಆ ಪೈಲಟ್‌ಗಳು ಭಾರತದ ಮಂಜಿನ ನಿಯಮದಲ್ಲಿ ಸಿಮ್ಯುಲೇಟರ್ ಪರೀಕ್ಷೆ ಪಾಸಾಗಿರಬೇಕು. ಇದಾವುದಕ್ಕೂ ಹೊಸ ವಿಜ್ಞಾನ ಬೇಕಿಲ್ಲ.

ಓದುಗರಲ್ಲಿ ಒಂದು ಕೋರಿಕೆ. ಡಿಸೆಂಬರ್, ಜನವರಿಯಲ್ಲಿ ನಿಮ್ಮ ವಿಮಾನ ಬೇರೆ ಊರಿಗೆ ತಿರುಗಿದರೆ ಸಿಬ್ಬಂದಿಯ ಮೇಲೆ ಕೂಗಾಡಬೇಡಿ. ಚಾರ್ಟರ್ ವಿಮಾನ ಹತ್ತುವ ಸ್ಥಾನದಲ್ಲಿದ್ದರೆ, ಹವೆ ಕೆಟ್ಟಿದೆ ಎಂದು ಪೈಲಟ್ ಹೇಳಿದ ಮೇಲೆ ಇನ್ನೊಂದು ಸಲ ನೋಡಿ ಎಂದು ದಯವಿಟ್ಟು ಹೇಳಬೇಡಿ.